ತಲೆಕೆಳಗಾಗಿ ಮುಚ್ಚಿದ ಗುಂಡಿ

ಮೂವತ್ತನಾಲ್ಕು ವರ್ಷ ಒಂದೇ ಕೆಲಸ ಮಾಡಿದವನಿಗೆ ಜನ ಒಂದು ಅಡ್ಡಹೆಸರು ಇಟ್ಟೇ ಇಡುತ್ತಾರೆ. ಇವನಿಗೆ ಗುಂಡಿಯಣ್ಣ ಎಂದು ಇಟ್ಟರು. ಮಣ್ಣು ಪರೀಕ್ಷೆಯ ಆಫೀಸಿನಲ್ಲಿ ಗುಂಡಿ ತೋಡುವುದೇ ಇವನ ನೌಕರಿ. ಆಳೆತ್ತರದ ಆಳ, ಅಷ್ಟೇ ಉದ್ದ, ಒಬ್ಬ ನಿಂತು ತಿರುಗುವಷ್ಟು ಅಗಲ. ದಾರಿಯಲ್ಲಿ ಹೋಗುವವರು ಇಣುಕಿ, ‘ಯಾರು ಹೋದ್ರಪ್ಪಾ?’ ಎಂದು ಕೇಳಿದರೆ ಒಳಗಿನಿಂದಲೇ, ‘ಇನ್ನೂ ಯಾರೂ ಹೋಗಿಲ್ಲ, ನಿಮ್ಮ ಅಳತೆ ಕೊಟ್ಟು ಹೋಗಿ’ ಎನ್ನುತ್ತಿದ್ದ. ಅಂಥ ಬಾಯಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನೂ ಎಲ್ಲರಂತೆ ಮಣ್ಣೆಂದರೆ ಮಣ್ಣು, ಅದರಲ್ಲೇನಿದೆ ಎಂದುಕೊಂಡಿದ್ದ. ಆಗಿನ ಸಾಹೇಬರು ಬಡಕಲು ಮನುಷ್ಯ, ಗಂಟಲು ಮಾತ್ರ ದೊಡ್ಡದು. ಅವರು ಗುಂಡಿಯೊಳಗೆ ಇವನ ಪಕ್ಕಕ್ಕೇ ಇಳಿದು, ಬಿಸಿಲು ಬಿದ್ದ ಗೋಡೆಯ ಮೇಲೆ ಚಾಕುವಿನ ತುದಿ ಆಡಿಸುತ್ತಾ ತಳದಿಂದ ಮೇಲಕ್ಕೆ ಓದಿ ಹೇಳಿದ್ದರು. ‘ನೋಡು, ತಳದಲ್ಲಿರೋದು ಬಂಡೆ. ಬಿಸಿಲು, ಚಳಿ, ನೀರು ಸೇರಿ ಇದನ್ನ ಒಡೆಯುತ್ತೆ. ಬಿರುಕಲ್ಲಿ ಮೊದಲು ಕಲ್ಲುಹೂವು, ಆಮೇಲೆ ಹಾವಸೆ, ಆಮೇಲೆ ಹುಲ್ಲು. ಹುಲ್ಲು ಸತ್ತು ಕೊಳೆಯುತ್ತೆ, ಎರೆಹುಳ ಅದನ್ನ ತಿಂದು ಬೆರೆಸುತ್ತೆ, ಅದರಲ್ಲಿ ಇನ್ನೊಂದು ಗಿಡ ಬರುತ್ತೆ. ಗಿಡಕ್ಕೆ ಮಣ್ಣು ಬೇಕು ಅಂತ ಎಲ್ಲರೂ ಅಂತಾರೆ. ಮಣ್ಣಿಗೂ ಗಿಡ ಬೇಕು ಕಣಯ್ಯಾ. ಮೇಲಿನ ಈ ಕಪ್ಪು ಗೇಣು ಇದೆಯಲ್ಲ, ಇಷ್ಟಾಗೋಕೆ ನಿನ್ನ ಮುತ್ತಜ್ಜನ ಮುತ್ತಜ್ಜನಿಂದ ಹಿಡಿದು ಕಾಯ್ತಾ ಕೂತರೂ ಸಾಲದು.’

ಆಮೇಲೆ ಅವರು ನಿಯಮ ಹೇಳಿದರು. ಮೇಲಿನ ಕಪ್ಪು ಮಣ್ಣನ್ನು ಎಡಕ್ಕೆ ಗುಡ್ಡೆ ಹಾಕಬೇಕು, ಕೆಳಗಿನ ಬೂದು ಮಣ್ಣನ್ನು ಬಲಕ್ಕೆ. ಮುಚ್ಚುವಾಗ ಬಲದ ಗುಡ್ಡೆ ಮೊದಲು, ಎಡದ್ದು ಕೊನೆಗೆ. ಬೂದು ಮಣ್ಣಿನಲ್ಲಿ ಸುಣ್ಣ ಇರುತ್ತದೆ, ಸೋಡ ಇರುತ್ತದೆ, ಒದ್ದೆಯಾದರೆ ಜಿಗುಟು, ಒಣಗಿದರೆ ಹೆಂಚು. ಅದು ಮೇಲೆ ಬಂದರೆ ಬೇರಿಗೆ ಉಸಿರಿಲ್ಲ, ನೀರಿಗೆ ದಾರಿಯಿಲ್ಲ. ‘ನಾವು ಬಂದಿದ್ವಿ ಅಂತ ಒಂದು ಹುಲ್ಲುಕಡ್ಡಿಗೂ ಗೊತ್ತಾಗಬಾರದು’ ಎಂದಿದ್ದರು ಸಾಹೇಬರು.

ಈ ಮಾತನ್ನು ಗುಂಡಿಯಣ್ಣ ತನ್ನದೇ ಮಾತು ಮಾಡಿಕೊಂಡ. ಶಾಲೆಯ ಮಕ್ಕಳು ಆಫೀಸು ನೋಡಲು ಬಂದರೆ ಅವನೇ ಭಾಷಣ ಮಾಡುತ್ತಿದ್ದ. ಹೊಸದಾಗಿ ಬಂದ ಅಧಿಕಾರಿ, ಅವನ ಮಗಳ ವಯಸ್ಸಿನ ಹುಡುಗಿ, ಮೊದಲ ದಿನ ಗೊತ್ತಿಲ್ಲದೆ ಎಡದ ಗುಡ್ಡೆಯ ಮೇಲೆ ಕಾಲಿಟ್ಟಾಗ, ‘ಇಳೀರಿ ಮೇಡಂ! ಸಾವಿರ ವರ್ಷದ ತಲೆ ಮೇಲೆ ನಿಂತಿದೀರಿ!’ ಎಂದು ಎಲ್ಲರೆದುರು ಗದರಿದ್ದ. ಆಕೆ ಕೆಂಪಾಗಿ ಕೆಳಗಿಳಿದಳು. ಅಂದಿನಿಂದ ಅವನನ್ನು ಅಣ್ಣ ಎಂದೇ ಕರೆದಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಯಾರಿಗಾಗಿ ಹುಟ್ಟಿತೋ ಗೊತ್ತಿಲ್ಲ. ಗುಂಡಿಯಣ್ಣನಿಗಂತೂ ಅದು ಅಳತೆ ತೆಗೆದು ಹೊಲಿದ ಅಂಗಿಯಂತೆ ಹೊಂದುತ್ತಿತ್ತು. ಏಕೆಂದರೆ ಹನ್ನೊಂದು ವರ್ಷದ ಹಿಂದೆ ಅವನು ಒಂದು ಗುಂಡಿಯನ್ನು ತಲೆಕೆಳಗಾಗಿ ಮುಚ್ಚಿದ್ದ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ.

ಅದು ಒಂದು ಬೇಲಿಯಿಲ್ಲದ ಹಿತ್ತಿಲು. ಅದರ ಒಂದು ಬದಿಯ ಮನೆಗೆ ಬೀಗ ಹಾಕಿತ್ತು. ಸರ್ವೆ ನಕ್ಷೆಯ ಗುರುತು ಅಲ್ಲೇ ಬಿದ್ದದ್ದರಿಂದ ಸಾಹೇಬರು ಅಲ್ಲೇ ತೋಡಿಸಿದರು, ಗೋಡೆ ಓದಿದರು, ಚೀಲಗಳಿಗೆ ಮಣ್ಣು ತುಂಬಿಸಿದರು, ಮುಂದಿನ ಜಾಗ ನೋಡಿ ಬರುತ್ತೇನೆ ಎಂದು ನಡೆದೇ ಹೊರಟರು. ಉಳಿದವರು ಗುಂಡಿಯಣ್ಣ ಮತ್ತು ಜೀಪಿನ ಡ್ರೈವರ್. ಆ ಜೀಪಿನಲ್ಲಿ ಮುಂದಿನ ಸೀಟು ಇಬ್ಬರು ಕೂರುವಷ್ಟಿದ್ದರೂ ಸಾಹೇಬರೊಬ್ಬರದ್ದೇ. ಅವರಿಲ್ಲದಾಗ ಅವರ ಚೀಲದ್ದು. ಇಪ್ಪತ್ತಮೂರು ವರ್ಷ ಗುಂಡಿಯಣ್ಣ ಹಿಂದೆ, ಹಾರೆ ಗುದ್ದಲಿ ಬುಟ್ಟಿಗಳ ನಡುವೆ, ಮೊಣಕಾಲು ಗದ್ದಕ್ಕೆ ತಗಲಿಸಿಕೊಂಡು ಕೂತು ಬಂದವನು. ಪ್ರತಿ ಹಳ್ಳದಲ್ಲೂ ಹಾರೆ ಅವನ ಕಣಕಾಲಿಗೆ ಬಡಿಯುತ್ತಿತ್ತು.

‘ಅರ್ಧ ಗಂಟೇಲಿ ಇದನ್ನ ಮುಚ್ಚಿಬಿಡು, ಇವತ್ತಿಂದ ಮುಂದಿನ ಸೀಟು ನಿಂದೇ’ ಎಂದ ಡ್ರೈವರ್, ಗಡಿಯಾರ ಬಿಚ್ಚಿ ಬಾನೆಟ್ಟಿನ ಮೇಲಿಟ್ಟು. ‘ಸಾಹೇಬರನ್ನ ನಾನು ಒಪ್ಪಿಸ್ತೀನಿ. ನಿನ್ನ ಕೈಲಾಗಲ್ಲ ಬಿಡು.’

‘ಕೈಲಾಗಲ್ಲ’ ಎಂಬ ಮಾತು ಕೆಲವರಿಗೆ ಚಾಟಿ. ಬಲದ ಗುಡ್ಡೆ ಒಣಗಿ ಹೆಂಟೆಗಟ್ಟಿತ್ತು. ಅದನ್ನು ಒಡೆದು ಹಾಕಲು ಎರಡು ಗಂಟೆ ಬೇಕು. ಒಡೆಯದೆ ಹಾಕಿದರೆ ಗುಂಡಿ ಅದರಲ್ಲೇ ತುಂಬಿ ಕಪ್ಪಿಗೆ ಜಾಗ ಉಳಿಯದು. ಎಡದ ಕಪ್ಪು ಮಣ್ಣು ಹಿಟ್ಟಿನಷ್ಟು ಸಡಿಲ, ತಳ್ಳಿದರೆ ಸಾಕು ಒಳಗೆ. ಗುಂಡಿಯಣ್ಣ ಎರಡೂ ಗುಡ್ಡೆ ನೋಡಿದ. ಒಂದು ಉಸಿರಿನಷ್ಟು ಹೊತ್ತು ನಿಂತ. ಆಮೇಲೆ ಎಡದ್ದನ್ನು ಎರಡೂ ಕೈಯಿಂದ ತಳ್ಳಿದ. ಬೇರು, ಎರೆಹುಳ, ಹುಲ್ಲಿನ ಬುಡ ಎಲ್ಲಾ ತಳ ಸೇರಿದವು. ಅದರ ಮೇಲೆ ಬೂದು ಹೆಂಟೆಗಳನ್ನು ಕಾಲಿನಿಂದ ಉರುಳಿಸಿ, ಗುದ್ದಲಿಯ ಹಿಂಬದಿಯಿಂದ ನಾಲ್ಕು ಬಡಿದ. ‘ಎರಡು ಮಳೆ ಬಿದ್ರೆ ಎಲ್ಲಾ ಸರಿಹೋಗುತ್ತೆ’ ಎಂದು ಗಟ್ಟಿಯಾಗಿಯೇ ಹೇಳಿಕೊಂಡ. ಯಾರೂ ಕೇಳಿರಲಿಲ್ಲ. ಡ್ರೈವರ್ ನಕ್ಕು ಮುಂದಿನ ಬಾಗಿಲು ತೆರೆದ. ಆಹಾ, ಆ ಸೀಟು! ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಜನ ದಾರಿ ಬಿಡುತ್ತಿದ್ದರು. ಡ್ರೈವರ್ ಮಾತು ಉಳಿಸಿಕೊಂಡ. ಅಂದಿನಿಂದ ಮುಂದಿನ ಸೀಟಿನಲ್ಲಿ, ಸಾಹೇಬರ ಪಕ್ಕದ ಜಾಗ ಗುಂಡಿಯಣ್ಣನದೇ ಆಯಿತು. ಆ ಹಿತ್ತಿಲನ್ನು ಅವನು ಮರೆತ.

ಹಿತ್ತಿಲು ಮರೆಯಲಿಲ್ಲ.

ಆ ಹಿತ್ತಿಲಿಗೆ ಹೊಂದಿಕೊಂಡು ಎರಡು ಮನೆ. ಒಂದರಲ್ಲಿ ಅಕ್ಕ, ತಾಯಿಯ ಜೊತೆ. ಇನ್ನೊಂದರಲ್ಲಿ ತಂಗಿ ಮತ್ತು ಅವಳ ಗಂಡ. ಅಕ್ಕ ಬಟ್ಟೆ ಹೊಲಿಯುವವಳು, ತಂಗಿಯ ಗಂಡ ಬಟ್ಟೆಗೆ ಬಣ್ಣ ಹಾಕುವವನು. ಅವನು ಬಣ್ಣ ಹಾಕಿದ್ದನ್ನು ಇವಳು ಹೊಲಿಯುತ್ತಿದ್ದಳು. ಮಧ್ಯದ ಹಿತ್ತಿಲಿನ ಹಗ್ಗದ ಮೇಲೆ ಕೆಂಪು, ನೀಲಿ ಬಟ್ಟೆಗಳು ಸದಾ ಹಾರುತ್ತಿದ್ದವು. ಜೀಪು ಬಂದ ಆ ವಾರ ಅಕ್ಕತಂಗಿಯರಿಬ್ಬರೂ ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ಅಲ್ಲೇ ಉಳಿದಿದ್ದರು. ಅಕ್ಕನ ಮನೆಗೆ ಬೀಗ ಬಿದ್ದಿತ್ತು, ಬಣ್ಣದವನೊಬ್ಬನೇ ತನ್ನ ಮನೆಯಲ್ಲಿದ್ದ. ಹತ್ತು ದಿನ ಬಿಟ್ಟು ತಾಯಿಯನ್ನು ಕರೆತಂದು ನೋಡಿದರೆ, ಅಕ್ಕನ ಪಾಲಿನ ನೆಲದಲ್ಲಿ ಆಳುದ್ದದ ಹೊಸ ಮಣ್ಣು.

‘ನೀನು ಬಣ್ಣದ ತೊಟ್ಟಿಯ ಗಸಿ ಹೂತಿದೀಯ’ ಎಂದಳು ಅಕ್ಕ.

‘ಅಯ್ಯೋ, ಇಲ್ಲ ಅಕ್ಕಾ. ಯಾರೋ ಸರ್ಕಾರದವರು ಜೀಪಲ್ಲಿ ಬಂದಿದ್ರು. ಗುಂಡಿ ತೋಡಿ ಮುಚ್ಚಿ ಹೋದ್ರು. ಕಿಟಕೀಲಿ ನೋಡಿದೆ.’

‘ಕರೆದ್ರೂ ಬಾರದ ಸರ್ಕಾರದವರು ಕರೀದೆ ಬಂದು ನಮ್ಮ ಹಿತ್ತಿಲಲ್ಲಿ ಗುಂಡಿ ತೋಡಿದ್ರಾ? ಅದನ್ನ ಮುಚ್ಚಿಯೂ ಹೋದ್ರಾ? ಕಿವಿಗೆ ಹೂ ಇಡಬೇಡ!’

ಆ ಮಾತಿಗೆ ಬೀದಿಯವರೆಲ್ಲ ನಕ್ಕರು. ಮಾತು ಬಣ್ಣದವನ ಹಣೆಗೆ ಅಂಟಿಕೊಂಡಿತು. ಮಳೆ ಬಂತು, ಹೋಯಿತು. ಸುತ್ತ ಹುಲ್ಲು ಮೊಣಕಾಲುದ್ದ ಬೆಳೆಯಿತು, ಆ ಆಳುದ್ದದ ಜಾಗದಲ್ಲಿ ಮಾತ್ರ ಕಡ್ಡಿ ಹುಟ್ಟಲಿಲ್ಲ. ಅಕ್ಕ ಬೀಜ ಚೆಲ್ಲಿದಳು, ಸಸಿ ನೆಟ್ಟಳು. ಎಲ್ಲಾ ಹಳದಿಯಾಗಿ ಒಣಗಿದವು. ಬೇಸಿಗೆಯಲ್ಲಿ ನೆಲ ಬಿರಿದು ಮೇಲೆ ಬಿಳಿ ಪುಡಿ ಉಗುಳುತ್ತಿತ್ತು. ಇನ್ನೇನು ಸಾಕ್ಷಿ ಬೇಕು? ಅಕ್ಕ ನಡುವೆ ತಗಡಿನ ಬೇಲಿ ಹಾಕಿಸಿದಳು. ಹೊಲಿಗೆಗೆ ಬಟ್ಟೆಯನ್ನು ಬೇರೆ ಕಡೆಯಿಂದ ತರಿಸಿದಳು. ತಂಗಿ ಗಂಡನ ಪರ ನಿಂತಳು. ಹೀಗೆ ಹನ್ನೊಂದು ವರ್ಷ.

ಈ ವರ್ಷ ಪಟ್ಟಣದ ಕಚೇರಿಯವರು, ನೆಲ ಕೆಡಿಸುವ ಬಣ್ಣದ ಮನೆಗಳನ್ನು ಮುಚ್ಚಿಸುತ್ತೇವೆ, ದೂರು ಇದ್ದರೆ ಕೊಡಿ ಎಂದು ಸಾರಿದರು. ಅಕ್ಕ ಕೊಟ್ಟಳು. ಮಣ್ಣು ಪರೀಕ್ಷಿಸಿ ವರದಿ ಕೊಡಿ ಎಂದು ಆ ದೂರು ಗುಂಡಿಯಣ್ಣನ ಆಫೀಸಿಗೆ ಬಂತು.

ಜೀಪು ಆ ಬೀದಿಗೆ ತಿರುಗಿದಾಗಲೂ ಅವನಿಗೆ ಏನೂ ನೆನಪಾಗಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಪಕ್ಕದ ಅಧಿಕಾರಿಗೆ ಏನೋ ತಮಾಷೆ ಹೇಳುತ್ತಿದ್ದ. ಹಿತ್ತಿಲಿಗೆ ಕಾಲಿಟ್ಟು ಆ ಬೋಳು ಜಾಗ ನೋಡಿದ ಕೂಡಲೇ ಬಾಯಿ ನಿಂತಿತು. ಅದರ ಅಳತೆ ಅವನ ಮೈಗೇ ಗೊತ್ತಿತ್ತು. ಬಗ್ಗಿ ಚಿಟಿಕೆ ಮಣ್ಣಿನ ಮೇಲೆ ಪರೀಕ್ಷೆಯ ಸೀಸೆಯಿಂದ ಆಮ್ಲದ ಒಂದು ತೊಟ್ಟು ಬಿಟ್ಟ. ಬುಸಬುಸನೆ ನೊರೆ ಎದ್ದಿತು. ಸುಣ್ಣ. ತಳದ ಮಣ್ಣು ಮೇಲೆ ಮಲಗಿ ಅವನನ್ನೇ ನೋಡುತ್ತಿತ್ತು.

ತಗಡಿನ ಬೇಲಿಯ ಆಚೆಯಿಂದ ಬಣ್ಣದವನು ಬಂದ. ಮೊಣಕೈವರೆಗೆ ನೀಲಿ. ಅವನು ಕೈ ಮುಗಿದು ಹೇಳಿದ, ‘ಮೇಡಂ, ಹನ್ನೊಂದು ವರ್ಷದಿಂದ ಒಂದೇ ಮಾತು ಹೇಳ್ತಾ ಇದೀನಿ. ನಿಮ್ಮ ಹಾಗೇ ಜೀಪಲ್ಲಿ ಬಂದಿದ್ರು. ನಿಮ್ಮ ಆಫೀಸಲ್ಲಿ ಒಂದ್ಸಲ ಕೇಳಿ ನೋಡಿ.’

ಅಕ್ಕ ಹೊಲಿಗೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ‘ಶುರುವಾಯ್ತು ಜೀಪಿನ ಕಥೆ’ ಎಂದಳು.

ಅಧಿಕಾರಿ ತಿರುಗಿ ನೋಡಿದಳು. ‘ಆ ವರ್ಷದ ರಿಜಿಸ್ಟರನ್ನ ಗೆದ್ದಲು ತಿಂದಿದೆ. ಅಣ್ಣ, ಆಗ ನೀವೇ ತಾನೇ ಇದ್ದಿದ್ದು? ಇಲ್ಲಿಗೆ ಬಂದಿದ್ರಾ?’

ಹಳೆಯ ಸಾಹೇಬರು ತೀರಿಹೋಗಿದ್ದರು. ಡ್ರೈವರ್ ನಿವೃತ್ತಿಯಾಗಿ ಎಲ್ಲಿಗೋ ಹೋಗಿದ್ದ. ಈ ಭೂಮಿಯ ಮೇಲೆ ಉತ್ತರ ಗೊತ್ತಿದ್ದವನು ಒಬ್ಬನೇ.

‘ಇಲ್ಲ ಮೇಡಂ’ ಎಂದ ಗುಂಡಿಯಣ್ಣ. ಸಾಲದ್ದಕ್ಕೆ, ‘ನಾವು ಬಂದಿದ್ರೆ ಹಿಂಗಾ ಮುಚ್ತೀವಿ?’ ಎಂದೂ ಸೇರಿಸಿದ.

ಅಧಿಕಾರಿ ಒಪ್ಪಿ ತಲೆಯಾಡಿಸಿದಳು. ಬಣ್ಣದವನು ಕೋಪಿಸಿಕೊಂಡಿದ್ದರೂ ಆಗುತ್ತಿತ್ತು. ಅವನು ತನ್ನ ನೀಲಿ ಕೈಗಳನ್ನೇ ನೋಡಿಕೊಂಡು, ಬಹುಶಃ ಆ ಜೀಪನ್ನು ತಾನು ಕನಸಲ್ಲಿ ಕಂಡೆನೇನೋ ಎಂಬಂತೆ ಒಳಗೆ ಹೋದ. ನೆಲ ಬಾಯಿ ಬಿಡಬಾರದೇ ಎಂದು ಜನ ಹೇಳುತ್ತಾರೆ. ನೆಲಕ್ಕೆ ಬಾಯಿ ಮಾಡಿಕೊಡುವುದೇ ಕಸುಬಾಗಿದ್ದ ಗುಂಡಿಯಣ್ಣನಿಗೆ ಅಂದು ಅಡಗಿಕೊಳ್ಳಲು ಒಂದು ಬಿಲವೂ ಇರಲಿಲ್ಲ. ದೂರಿನ ನಿಯಮದಂತೆ ಮೇಲಿನ ಒಂದು ಗೇಣು ಮಣ್ಣನ್ನು ಮಾತ್ರ ತೆಗೆದು ಚೀಲಕ್ಕೆ ಹಾಕಿದ. ಚೀಟಿ ಕಟ್ಟುವಾಗ ದಾರದ ಗಂಟು ಮೂರು ಸಲ ಬಿಚ್ಚಿಹೋಯಿತು.

ಫಲಿತಾಂಶ ಅವನಿಗೆ ಮೊದಲೇ ಗೊತ್ತಿತ್ತು. ಸುಣ್ಣ, ಸೋಡ, ಉಪ್ಪು. ಬಣ್ಣ ಹಾಕುವವರು ತೊಟ್ಟಿಗೆ ಸುರಿಯುವುದೂ ಸೋಡ, ಉಪ್ಪನ್ನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಕಾಯಿಸುವ ಒಲೆಗೆ ಎತ್ತೇ ಸೌದೆ ಹೊತ್ತು ತಂದಿತ್ತು.

ಎಂಟು ದಿನ ಗುಂಡಿಯಣ್ಣ ತಟ್ಟೆಯಲ್ಲಿ ಅನ್ನ ಬಿಟ್ಟೇ ಏಳುತ್ತಿದ್ದ. ಒಂಬತ್ತನೆಯ ದಿನ ಬೆಳಿಗ್ಗೆ ಹೆಂಡತಿ ತಟ್ಟೆ ಮುಂದಿಟ್ಟು ಎದುರೇ ಕೂತಳು. ಆಕೆಯ ನಾಲಿಗೆಗೆ ಅವನ ಗುದ್ದಲಿಗಿಂತ ಚೂಪು ಜಾಸ್ತಿ.

‘ಬಣ್ಣದವನ ಮನೆಗೆ ನೋಟೀಸ್ ಬಂತಂತೆ. ಇದೇ ವಾರ ಬೀಗ ಹಾಕ್ತಾರಂತೆ. ನಲ್ಲಿ ಹತ್ರ ಎಲ್ಲರೂ ಅದೇ ಮಾತು. ನಿಮ್ಮ ಆಫೀಸಿನ ವರದಿಯಂತಲ್ಲ?’

ಅವನು ತಟ್ಟೆಯನ್ನು ಬದಿಗೆ ಸರಿಸಿದ.

‘ನೀವು ಸರಿಯಾಗಿ ತಿನ್ನೋದು ಬಿಟ್ಟು ಎಂಟು ದಿನ ಆಯ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಆಡ್ತಾ ಇದೀರಿ. ಏನು ಮಾಡಿದ್ರಿ ಹೇಳಿ.’

ಅವನು ಹೇಳಿದ. ಸೀಟಿನ ಮಾತು ಬಂದಾಗ ಧ್ವನಿ ಎಷ್ಟು ಸಣ್ಣಗಾಯಿತೆಂದರೆ ಆಕೆ, ‘ಏನು? ಏನು?’ ಎಂದು ಎರಡು ಸಲ ಕೇಳಬೇಕಾಯಿತು. ಅದೂ ಶಿಕ್ಷೆಯೇ, ನಾಚಿಕೆಯ ಮಾತನ್ನು ಮೂರು ಸಲ ಹೇಳುವುದು.

ಆಕೆ ಬೈಯುತ್ತಾಳೆ ಎಂದುಕೊಂಡಿದ್ದ. ಬೈಯಲಿಲ್ಲ. ‘ನೀವು ಮುಂದೆ ಕೂತು ಬಂದ ದಿನ ನಾನು ಬಾಗಿಲಲ್ಲಿ ನಿಂತು ನೋಡಿದ್ದೆ’ ಎಂದಳು. ‘ನನಗೂ ಹೆಮ್ಮೆ ಆಗಿತ್ತು. ಥೂ.’ ಅವನು ಮುಟ್ಟದೆ ಬಿಟ್ಟ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವನು ಚಪ್ಪಲಿ ಮೆಟ್ಟಿ ಸೀದಾ ಆಫೀಸಿಗೆ ನಡೆದ.

ಅಧಿಕಾರಿ ಒಣಗಲು ಹರಡಿದ ಮಣ್ಣಿನ ತಟ್ಟೆಗಳ ನಡುವೆ ನಿಂತು ಚೀಟಿ ಬರೆಯುತ್ತಿದ್ದಳು. ಎಲ್ಲ ಕೇಳಿದ ಮೇಲೆ ಪೆನ್ನಿನ ಮುಚ್ಚಳ ಹಾಕಿದಳು. ಅವಳ ಮುಖ ಆ ಮೊದಲ ದಿನದಂತೆಯೇ ಕೆಂಪಾಯಿತು. ಅಂದು ತನಗಾಗಿ, ಇಂದು ಅವನಿಗಾಗಿ.

‘ನಾನು ನಿಮ್ಮನ್ನ ನಂಬಿ ಬಣ್ಣದವರನ್ನ ಮತ್ತೆ ಕೇಳಲೂ ಇಲ್ಲ, ಅಣ್ಣ. ಕೆಳಗೆ ಅಗೆದು ನೋಡಲೂ ಇಲ್ಲ.’

‘ನಿಮ್ಮದೇನೂ ತಪ್ಪಿಲ್ಲ ಮೇಡಂ. ನನ್ನ ಹೆಸರು ಬರೀರಿ. ಆದ್ರೆ ಬಾಯಿಮಾತನ್ನ ಆ ಹೊಲಿಗೆಯವರು ನಂಬಲ್ಲ. ಅವರೆಲ್ಲರ ಮುಂದೆ ನಾನೇ ತೋಡ್ತೀನಿ.’

ಮರುದಿನ ಬೆಳಿಗ್ಗೆ ಹಿತ್ತಿಲಿನಲ್ಲಿ ತಗಡಿನ ಬೇಲಿಯ ಈಚೆ ಅಕ್ಕ, ಆಚೆ ತಂಗಿ ಮತ್ತು ಬಣ್ಣದವನು. ಅಧಿಕಾರಿ ನಡುವೆ. ಯಾಕೆ ಎಂದು ಯಾರಿಗೂ ಹೇಳದೆ ಗುಂಡಿಯಣ್ಣ ಮೊದಲು ಆ ಬೋಳು ನೆಲದ ಅಂಚಿನಿಂದ ಒಂದು ಚೂರನ್ನು ಚಾಕುವಿನಿಂದ ಎಬ್ಬಿಸಿ ನೋಡಿದ. ಅಲ್ಲಿ ಹಾವಸೆ ಕಟ್ಟಿತ್ತು. ಅದರಡಿ ಉಗುರಿನಷ್ಟು ತೆಳ್ಳಗೆ ಕಪ್ಪು. ಪಾಪ, ನೆಲ ತನ್ನ ಪಾಡಿಗೆ ತಾನು ಮತ್ತೆ ಮೊದಲಿನಿಂದ ಶುರು ಮಾಡಿತ್ತು. ಹನ್ನೊಂದು ವರ್ಷಕ್ಕೆ ಒಂದು ಉಗುರು.

ಅವನು ಅಗೆಯತೊಡಗಿದ. ಬೂದು ಮಣ್ಣೆಲ್ಲ ಬಲಕ್ಕೆ. ಮಂಡಿಯಾಳ, ಸೊಂಟದಾಳ, ಎದೆಯಾಳ. ಐವತ್ತಾರು ವರ್ಷದ ಬೆನ್ನು ನಡುನಡುವೆ ನಿಲ್ಲು ಎನ್ನುತ್ತಿತ್ತು. ಅವನು ನಿಲ್ಲಲಿಲ್ಲ. ತಳ ಹತ್ತಿರವಾದಾಗ ಗುದ್ದಲಿಯ ಸದ್ದು ಬದಲಾಯಿತು. ಬಗ್ಗಿ ಎರಡೂ ಕೈ ತುಂಬ ಎತ್ತಿದ. ಕಪ್ಪು ಮಣ್ಣು. ಗಾಳಿಯಿಲ್ಲದೆ ಹುಳಿ ವಾಸನೆ ಹಿಡಿದಿತ್ತು, ಆದರೂ ಕಪ್ಪು. ಒಳಗೆ ಹುಲ್ಲಿನ ಹಳೆಯ ಬೇರುಗಳ ಎಳೆ. ಅದನ್ನು ಗುಂಡಿಯ ಅಂಚಿನಲ್ಲಿ, ಎಡಕ್ಕೆ ಇಟ್ಟ.

‘ಇದು ಮೇಲೆ ಇರಬೇಕಾದ ಮಣ್ಣು, ತಾಯಿ. ಇದನ್ನ ಕೆಳಗೆ ಹಾಕಿದವನು ನಾನು. ಜೀಪು ಬಂದಿತ್ತು. ಜೀಪಲ್ಲಿ ನಾನಿದ್ದೆ. ಬಣ್ಣದವರು ಹೇಳಿದ್ದು ಅಕ್ಷರಕ್ಷರವೂ ನಿಜ. ಆವತ್ತು ಮೇಡಂ ಕೇಳಿದಾಗ ಸುಳ್ಳು ಹೇಳಿದವನೂ ನಾನೇ.’

ಅಕ್ಕ ಬಹಳ ಮೆಲ್ಲಗೆ ಕೇಳಿದಳು, ‘ಯಾಕೆ?’

ಈ ಪ್ರಶ್ನೆ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಮಳೆ ಬರುವಂತಿತ್ತು, ಸಾಹೇಬರು ಅವಸರ ಮಾಡಿದರು, ಮೈ ಸರಿಯಿರಲಿಲ್ಲ. ದಾರಿಯುದ್ದಕ್ಕೂ ಇಂಥ ಒಂದೊಂದು ನೆಪವೂ ಮುಂದೆ ಬಂದು ನನ್ನನ್ನು ಹೇಳು, ನನ್ನನ್ನು ಹೇಳು ಎಂದಿತ್ತು. ಗುಂಡಿಯೊಳಗೆ ನಿಂತು, ತಲೆ ನೆಲದ ಮಟ್ಟಕ್ಕೂ ಕೆಳಗಿದ್ದವನು ನಿಜವನ್ನೇ ಹೇಳಿದ.

‘ಬೇಗ ಮುಚ್ಚಿದ್ರೆ ಜೀಪಲ್ಲಿ ಮುಂದಿನ ಸೀಟು ಕೊಡ್ತೀನಿ ಅಂದ ಡ್ರೈವರ್. ಅದಕ್ಕೆ.’

‘ಸೀಟಿಗಾ?’ ಎಂದಳು ತಂಗಿ ಬೇಲಿಯಾಚೆಯಿಂದ. ‘ನಮ್ಮಮ್ಮ ಸಾಯೋ ದಿನ ನಾನು ಹೊರಗಡೆ ಜಗಲೀಲಿ ಕೂತಿದ್ದೆ. ಅಕ್ಕ ಒಳಗೆ ಬಿಡಲಿಲ್ಲ. ಕಿಟಕಿಯಿಂದ ಅಮ್ಮನ ಕಾಲು ಮಾತ್ರ ಕಾಣ್ತಿತ್ತು. ಒಂದು ಸೀಟಿಗಾ ಅಣ್ಣಾ?’

ಇದನ್ನು ಗುಂಡಿಯಣ್ಣ ಎಣಿಸಿರಲಿಲ್ಲ. ಹುಲ್ಲು ಎಣಿಸಿದ್ದ, ವರ್ಷ ಎಣಿಸಿದ್ದ, ಬಣ್ಣದವನ ತೊಟ್ಟಿಗಳನ್ನು ಎಣಿಸಿದ್ದ. ಮನೆಯ ಒಳಗೆ ಒಬ್ಬ ಮುದುಕಿ ಇದ್ದಳೆಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ. ಗುಂಡಿಯ ಗೋಡೆಗೆ ಹಣೆ ಹಚ್ಚಿ ನಿಂತ. ಬೈಯಲಿ, ಕಲ್ಲು ಎಸೆಯಲಿ, ಮಣ್ಣು ಎಳೆದು ಮುಚ್ಚಿಬಿಡಲಿ ಎನಿಸಿತು. ಯಾರೂ ಅದೇನನ್ನೂ ಮಾಡಲಿಲ್ಲ.

ಅಕ್ಕ ಕುಕ್ಕರುಗಾಲಲ್ಲಿ ಕೂತು ಆ ಕಪ್ಪು ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಆಡಿದ್ದು ಒಂದೆರಡು ಮಾತಲ್ಲ. ಬೇಲಿಯ ಕಡೆ ನೋಡಲು ಅವಳಿಗೂ ಆಗಲಿಲ್ಲ. ಬಣ್ಣದವನು ಒಳಗೆ ಹೋಗಿ ಎರಡು ಲೋಟ ನೀರು ತಂದ. ಬೇಲಿಯ ಸಂದಿನಲ್ಲಿ ತೂರಿಬಂದು ಒಂದನ್ನು ಗುಂಡಿಯೊಳಗೆ ಚಾಚಿದ, ಇನ್ನೊಂದನ್ನು ಅಕ್ಕನ ಮುಂದೆ ಹಿಡಿದ. ಲೋಟದ ಮೇಲೆ ನೀಲಿ ಬೆರಳುಗಳ ಗುರುತು. ಅವಳು ಬಹಳ ಹೊತ್ತು ಅದನ್ನು ತೆಗೆದುಕೊಳ್ಳಲಿಲ್ಲ. ಅವನು ಹಿಡಿದೇ ನಿಂತಿದ್ದ. ಕೊನೆಗೆ ತಂಗಿ, ‘ತಗೋ ಅಕ್ಕಾ, ಬಿಸಿಲಿದೆ’ ಎಂದಳು. ಅಕ್ಕ ತೆಗೆದುಕೊಂಡಳು. ಅರ್ಧ ಕುಡಿದು, ಉಳಿದ ನೀರನ್ನು ಆ ಕಪ್ಪು ಮಣ್ಣಿಗೆ ಸುರಿದಳು.

ಗುಂಡಿಯಣ್ಣ ಉಳಿದ ಕಪ್ಪನ್ನೆಲ್ಲ ಮೇಲೆ ತೆಗೆದು, ಬೂದು ಹೆಂಟೆಗಳನ್ನು ಒಂದೊಂದಾಗಿ ಒಡೆದು ಒಳಗೆ ತುಂಬಿದ. ಈ ಸಲ ಯಾರೂ ಗಡಿಯಾರ ಇಟ್ಟಿರಲಿಲ್ಲ. ಮಧ್ಯಾಹ್ನ ದಾಟಿತು. ಕೊನೆಗೆ ಎಡದ ಗುಡ್ಡೆಯನ್ನು ಕೈಯಿಂದಲೇ ಮೇಲೆ ಹರಡಿದ.

‘ಈಗ ಹುಲ್ಲು ಬರುತ್ತಾ?’ ಎಂದು ಅಕ್ಕ ಅಧಿಕಾರಿಯನ್ನು ಕೇಳಿದಳು.

‘ಬರುತ್ತೆ ಅಮ್ಮ. ಆದ್ರೆ ತಕ್ಷಣ ಅಲ್ಲ. ಇಷ್ಟು ವರ್ಷ ಉಸಿರು ಕಟ್ಟಿ ಕೆಳಗಿತ್ತಲ್ಲ, ಒಳಗಿನ ಜೀವ ಎಲ್ಲಾ ಸತ್ತಿದೆ. ಮತ್ತೆ ಹುಳ ಬರಬೇಕು, ಎಲೆ ಬೀಳಬೇಕು. ಸ್ವಲ್ಪ ಕಾಯಬೇಕು.’

ಹೊಸ ವರದಿ ಬರೆದಾಯಿತು. ಅದರ ಕೆಳಗೆ ಗುಂಡಿಯಣ್ಣ ತಪ್ಪೊಪ್ಪಿಗೆಯ ಎರಡು ಸಾಲು ತಾನೇ ಬರೆದು ಸಹಿ ಹಾಕಿದ. ಬಣ್ಣದವನ ಬಾಗಿಲಿಗೆ ಬೀಗ ಬೀಳುವುದಿಲ್ಲ. ತನಗೆ ಏನು ಬೀಳುತ್ತದೋ ಅವನು ಕೇಳಲಿಲ್ಲ.

ಅಧಿಕಾರಿ ಜೀಪಿನ ಮುಂದಿನ ಬಾಗಿಲು ತೆರೆದು ಹಿಡಿದಳು. ‘ಹತ್ತಿ ಅಣ್ಣ. ತುಂಬಾ ಸುಸ್ತಾಗಿದೀರಿ.’

ಆಕೆ ಇನ್ನೂ ಅಣ್ಣ ಎಂದದ್ದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಹಾರೆ, ಗುದ್ದಲಿ, ಬುಟ್ಟಿಗಳನ್ನು ಹಿಂದೆ ಎಸೆದು, ಅವುಗಳ ಹಿಂದೆಯೇ ತಾನೂ ಹತ್ತಿದ. ‘ಮುಂದೆ ಬನ್ನಿ’ ಎಂದು ಆಕೆ ಮತ್ತೆ ಕರೆದಳು.

‘ಬೇಡಮ್ಮ’ ಎಂದ.

ಮೊಣಕಾಲು ಗದ್ದಕ್ಕೆ ತಗಲಿಸಿಕೊಂಡು ಕೂತ. ಜೀಪು ಹೊರಟಿತು. ಮೊದಲ ಹಳ್ಳದಲ್ಲೇ ಹಾರೆ ಉರುಳಿ ಬಂದು ಕಣಕಾಲಿಗೆ ಬಡಿಯಿತು. ಅವನು ಅದನ್ನು ಸರಿಸಲಿಲ್ಲ.